ಟಿಪ್ಪಣಕ್ಕನ ಶನಿವಾರದ ಫೋನು

ಪುಸ್ತಕ ಓದುವವರಲ್ಲಿ ಮುಕ್ಕಾಲು ಪಾಲು ಜನ ಅಡಿಟಿಪ್ಪಣಿಯತ್ತ ಕಣ್ಣೆತ್ತಿ, ಅಲ್ಲ, ಕಣ್ಣಿಳಿಸಿಯೂ ನೋಡುವುದಿಲ್ಲ. ಪುಟದ ಬುಡದಲ್ಲಿ ಸಣ್ಣಕ್ಷರದಲ್ಲಿ ಅದು ತನ್ನ ಪಾಡಿಗೆ ಬಿದ್ದಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಬರೆದವರಿಗೆ ಟಿಪ್ಪಣಿ ಮುದ್ದು. ಉಳಿದವರ ಪಾಲಿಗೆ ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇಂಥದ್ದನ್ನು ಕಟ್ಟಿಕೊಂಡು ಅರ್ಧ ಆಯಸ್ಸು ಕಳೆದವಳೊಬ್ಬಳಿದ್ದಾಳೆ. ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಟಿಪ್ಪಣಕ್ಕ ಅನ್ನುತ್ತಾರೆ. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಮುಖದೆದುರೇ ಅನ್ನುತ್ತಾರೆ, ಅವಳೂ ಓಗೊಡುತ್ತಾಳೆ. ಸ್ವಂತ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯದ ಮೇಲೆ ಯಾವ ಹೆಸರಾದರೇನು, ಕರೆದರೆ ಸಾಕು.

ಕಣ್ಣು ಕಾಣದವರಿಗೆ ಪುಸ್ತಕ ಸಿದ್ಧ ಮಾಡಿಕೊಡುವ ಗ್ರಂಥಾಲಯ ಅದು. ಅದರ ಹಿಂದಿನ ಕೋಣೆಯಲ್ಲಿ, ಸ್ಕ್ಯಾನರಿನ ಪಕ್ಕ, ಗೋಡೆಗೆ ಮುಖ ಮಾಡಿ ಅವಳ ಮೇಜು. ಅಚ್ಚಾದ ಪುಟ ಕಂಪ್ಯೂಟರಿಗೆ ಇಳಿಯುತ್ತದೆ, ಅಕ್ಷರದೋಷ ತಿದ್ದಿದ ಮೇಲೆ ಯಂತ್ರದ ದನಿ ಅದನ್ನು ಓದಿ ಹೇಳುತ್ತದೆ. ಯಂತ್ರಕ್ಕೆ ದನಿಯಿದೆ, ವಿವೇಕವಿಲ್ಲ. ಎದುರಿಗೆ ಬಂದದ್ದನ್ನೆಲ್ಲ ಒಂದೇ ಉಸಿರಿಗೆ ಓದಿಬಿಡುತ್ತದೆ. "ದಂಡನಾಯಕನು ಕುದುರೆಯೇರಿ" ಅನ್ನುವಲ್ಲಿಗೆ ಪುಟ ಮುಗಿದರೆ, "ಹನ್ನೆರಡು, ಈ ಬಗ್ಗೆ ಭಿನ್ನಾಭಿಪ್ರಾಯವಿದೆ" ಎಂದು ಟಿಪ್ಪಣಿ ಓದಿ, ಆಮೇಲೆ "ಹೊಳೆ ದಾಟಿದನು" ಅನ್ನುತ್ತದೆ. ಕೇಳುವವನ ತಲೆ ಕೆಟ್ಟು ಕೆರ ಹಿಡಿಯದೆ ಇನ್ನೇನಾಗಬೇಕು?

ಹಾಗಾಗಿ ಟಿಪ್ಪಣಿಗಳನ್ನೆಲ್ಲ ಪುಟದ ಬುಡದಿಂದ ಕಿತ್ತು ಅಧ್ಯಾಯದ ಕೊನೆಗೆ ಒಯ್ಯಬೇಕು. ಮೂಲದಲ್ಲಿ ಅಂಕಿ ಇದ್ದ ಕಡೆ ಒಂದು ಲಿಂಕ್. ಬೇಕಾದವರು ಒತ್ತಿ ಟಿಪ್ಪಣಿಗೆ ಹೋಗುತ್ತಾರೆ, ಬೇಡವಾದವರು ಮುಂದಕ್ಕೆ ಸಾಗುತ್ತಾರೆ. ಟಿಪ್ಪಣಿಯ ಕೊನೆಯಲ್ಲಿ ಇನ್ನೊಂದು ಲಿಂಕ್, ಬಿಟ್ಟ ಪದಕ್ಕೇ ವಾಪಸ್ ಬರಲು. ಕಣ್ಣಿದ್ದವರು ಕಣ್ಣು ಕೆಳಗಿಳಿಸಿ ಮೇಲೆತ್ತಿದರೆ ಮುಗಿಯಿತು, ಕಿವಿಗೆ ಆ ಸೌಕರ್ಯವಿಲ್ಲ. ವಾಪಸ್ ಬರುವ ಲಿಂಕ್ ತಪ್ಪಿತೋ, ಕೇಳುಗ ಅಧ್ಯಾಯದ ಕೊನೆಯಲ್ಲಿ ಅನಾಥ. "ಕಳಿಸೋ ಲಿಂಕ್ ಯಾರು ಬೇಕಾದ್ರೂ ಹಾಕ್ತಾರೆ, ವಾಪಸ್ ಕರ್ಕೊಂಡು ಬರೋದಿದೆಯಲ್ಲ, ಅದಕ್ಕೆ ತಾಳ್ಮೆ ಬೇಕು" ಎಂದು ಹೊಸದಾಗಿ ಸೇರಿದವರಿಗೆ ಅವಳು ಹೇಳುತ್ತಿದ್ದಳು. ಹೊಸಬರು ಹೂಂ ಅಂದು, ಇನ್ನೊಂದು ಒಳ್ಳೆಯ ಕೆಲಸ ಸಿಕ್ಕ ಕೂಡಲೇ ಹೊರಟುಬಿಡುತ್ತಿದ್ದರು.

ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ ಅವಳದು. ಅಮ್ಮ ಇದ್ದಷ್ಟು ದಿನ ಅಲ್ಲಿ ಜಗಳಕ್ಕಾದರೂ ಬರವಿರಲಿಲ್ಲ. ಅಮ್ಮ ಹೋದಳು, ಮಾತೂ ಹೋಯಿತು. ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತಿದ್ದವರು ಕೇಳಿ ಕೇಳಿ ಸುಸ್ತಾಗಿ ಸುಮ್ಮನಾಗಿದ್ದಾರೆ. ಬೇರೆ ಊರಲ್ಲಿರುವ ತಮ್ಮ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ಶುಭೋದಯ ಬರೆದದ್ದನ್ನು ಮೊಬೈಲಿಗೆ ಕಳಿಸುತ್ತಾನೆ. ಅದೇ ಹೂವು ಊರಿಗೆಲ್ಲ ಹೋಗಿರುತ್ತದೆಂದು ಅವಳಿಗೆ ಗೊತ್ತು. ಭಾನುವಾರ ಅವಳು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ. ಸೋಮವಾರ ಗೇಟಿನ ಕಾವಲುಗಾರನಿಗೆ ನಮಸ್ಕಾರ ಹೇಳಲು ಹೋದರೆ ಮೊದಲು ಬರೀ ಗಾಳಿ ಬರುತ್ತದೆ, ಆಮೇಲೆ ದನಿ.

ಇಂಥವಳ ಬದುಕಿಗೆ ಸರ್ವೆಯರ್ ಸಾಹೇಬರು ಬಂದದ್ದು ಒಂದು ಬೈಗುಳದ ಮೂಲಕ. ನಿವೃತ್ತಿಯಾದ ಮೇಲೆ ಕಣ್ಣಿನ ನರ ಸೊರಗಿ ದೃಷ್ಟಿ ಕಳೆದುಕೊಂಡವರು. ಒಂದು ಶನಿವಾರ ಮಧ್ಯಾಹ್ನ ಅವಳ ಮೇಜಿನ ಫೋನು ಹೊಡೆದುಕೊಂಡಿತು.

"ಯಾರ್ರೀ ಅದು ಈ ಪುಸ್ತಕ ತಯಾರು ಮಾಡಿದ್ದು?"

"ನಾನೇ ಸರ್."

"ಟಿಪ್ಪಣಿಗೆ ಅಂತ ಹೋದೆ, ವಾಪಸ್ ಬರೋಕೆ ದಾರೀನೇ ಇಲ್ಲ. ಜೀವಮಾನವೆಲ್ಲ ಜನರ ಜಮೀನು ಅಳೆದವನು ನಾನು. ಒಬ್ಬರನ್ನೂ ಹೊಲದ ನಡುವೆ ನಿಲ್ಲಿಸಿ ಬಂದಿಲ್ಲ!"

ಅವಳಿಗೆ ನಗು ಬಂತು. ತಪ್ಪಾಯ್ತು ಎಂದಳು, ತಿದ್ದಿ ಕಳಿಸಿದಳು. ಮುಂದಿನ ಶನಿವಾರ ಮತ್ತೆ ಫೋನು. ತಿದ್ದಿದ್ದಕ್ಕೆ ಶಹಭಾಸ್, ಜೊತೆಗೆ ಇನ್ನೊಂದು ತಪ್ಪು. ಹೀಗೇ ಅದೊಂದು ಪರಿಪಾಠವಾಯಿತು. ತಪ್ಪಿನ ವಿಷಯ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಮೇಲೆ ಬೇಲಿ ಸರಿಸಿ ಸಿಕ್ಕಿಬಿದ್ದ ದಾಯಾದಿಗಳು, ಅಳತೆಯ ಸರಪಳಿಯ ಮೇಲೆ ಮಲಗಿ ಸತ್ಯಾಗ್ರಹ ಮಾಡಿದ ಅಜ್ಜಿ, ಸೊಸೆಗೆ ಗೊತ್ತಾಗದಂತೆ ಕೆಳಗಿಳಿದು ಬೀದಿ ಕೊನೆಯವರೆಗೆ ಕೋಲು ಹಿಡಿದು ನಡೆದುಬರುವ ತಮ್ಮ ಸಾಹಸ, ಎಲ್ಲ ಹೇಳುತ್ತಿದ್ದರು. ಅವಳು ಅಮ್ಮನ ಸಂಗತಿ ಹೇಳುತ್ತಿದ್ದಳು. ಒಮ್ಮೆ ಅವರು ತಮ್ಮ ಅಣ್ಣನ ಕಥೆಯನ್ನೂ ಹೇಳಿದರು. ಮರೆವಿನ ಕಾಯಿಲೆ ಬಂದು, ಕೊನೆಗೆ ಹೆಂಡತಿಯನ್ನೇ ಯಾರಮ್ಮಾ ನೀನು ಎಂದು ಕೇಳಿದ ಮನುಷ್ಯ.

"ಕಣ್ಣು ಹೋದಾಗ ನಾನು ಅಳಲಿಲ್ಲಮ್ಮಾ. ಆದ್ರೆ ಅಣ್ಣನ ಹಾಗೆ ತಲೆ ಹೋದ್ರೆ? ಅದೊಂದೇ ಭಯ ನಂಗೆ."

ಇದನ್ನು ಅವಳು ಕೇಳಿದ್ದಳು. ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು. ಮುಂದೆ ನಡೆದದ್ದನ್ನು ತೂಗುವಾಗ ಇದನ್ನು ಮರೆಯಬಾರದು.

ಬೈಸಿಕೊಂಡವರು ಕಲಿಯುತ್ತಾರೆ. ಅವಳೂ ಕಲಿತಳು. ಪ್ರತಿ ಟಿಪ್ಪಣಿಗೂ ಹೋಗಿ ಬಂದು ಹೋಗಿ ಬಂದು ನೋಡತೊಡಗಿದಳು. ತಪ್ಪುಗಳು ಕಡಿಮೆಯಾದವು, ಕೊನೆಗೆ ನಿಂತೇಹೋದವು. ಸಾಹೇಬರು ಫೋನು ಮಾಡಿ ಬಾಯ್ತುಂಬ ಹೊಗಳಿದರು. "ಇನ್ನು ನಿಮ್ಮ ಪುಸ್ತಕ ಕಣ್ಣು ಮುಚ್ಚಿಕೊಂಡು ಓದಬಹುದು ನೋಡಿ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. "ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲಮ್ಮಾ."

ತೊಂದರೆ ಕೊಡಲಿಲ್ಲ. ಮುಂದಿನ ಶನಿವಾರ ಫೋನು ಬರಲಿಲ್ಲ, ಅದರ ಮುಂದಿನ ಶನಿವಾರವೂ ಬರಲಿಲ್ಲ. ಫೋನು ಕೆಟ್ಟಿದೆಯೇನೋ ಎಂದು ಅವಳು ಎತ್ತಿ ಕಿವಿಗಿಟ್ಟು ನೋಡಿದಳು. ಗುಂಯ್ ಅನ್ನುತ್ತಿತ್ತು. ಅವರದ್ದೇನೂ ತಪ್ಪಿಲ್ಲ, ದೂರಿಲ್ಲದೆ ಕಚೇರಿಗೆ ಫೋನು ಮಾಡುವುದು ಅವರ ಕಾಲದ ಮನುಷ್ಯರಿಗೆ ಸಭ್ಯತೆಯಲ್ಲ. ಕೆಲಸವಿಲ್ಲದೆ ಓದುಗರ ಮನೆಗೆ ಫೋನು ಮಾಡುವುದು ಅವಳಿಗೂ ಸರಿ ಕಾಣಲಿಲ್ಲ. ಇಬ್ಬರ ಮರ್ಯಾದೆಯೂ ಗಟ್ಟಿ. ಆದರೆ ಅವಳಿಗೆ ಆ ಫೋನು ಬೇಕಿತ್ತು. ನಾಚಿಕೆಯಾಗುವಷ್ಟು ಬೇಕಿತ್ತು.

ಆಗ ಸಾಹೇಬರು ಎಂದೋ ಬೇಕೆಂದು ಕೇಳಿದ್ದ, ಹಳೆಯ ಕಾಲುವೆಯೊಂದರ ಇತಿಹಾಸದ ಪುಸ್ತಕ ಅವಳ ಮೇಜಿಗೆ ಬಂತು. ಇರುವೆ ಸಾಲಿನ ಹಾಗೆ ಟಿಪ್ಪಣಿಗಳು. ಎಲ್ಲವನ್ನೂ ಜೋಡಿಸಿದಳು, ಎಲ್ಲವನ್ನೂ ಪರೀಕ್ಷಿಸಿದಳು, ಒಂದೂ ತಪ್ಪಿರಲಿಲ್ಲ. ಎದ್ದು ನೀರು ಕುಡಿದು ಬಂದು ಕೂತಳು. ಐದನೆಯ ಅಧ್ಯಾಯದ ಒಂದು ಟಿಪ್ಪಣಿಯಿಂದ ವಾಪಸ್ ಬರುವ ಲಿಂಕನ್ನು, ಬಿಟ್ಟ ಪದಕ್ಕೆ ಅಲ್ಲ, ಅಧ್ಯಾಯದಲ್ಲಿ ಬಹಳ ಹಿಂದಿನ ಒಂದು ವಾಕ್ಯಕ್ಕೆ ತಿರುಗಿಸಿಬಿಟ್ಟಳು. ಸಾಹೇಬರು ಕಂಡುಹಿಡಿಯುತ್ತಾರೆ, ಬೈಯುತ್ತಾರೆ, ತಿದ್ದಿಕೊಟ್ಟರಾಯಿತು, ಯಾರ ಗಂಟೇನು ಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪುಸ್ತಕ ಸಾಹೇಬರಿಗೆ ಹೋಯಿತು. ಆ ಶನಿವಾರ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಳು. ಫೋನಿಗೆ ಸೀರೆ ಕಾಣುತ್ತದೆಯೇ? ಕಾಣುವುದಿಲ್ಲ. ಆದರೂ ಉಟ್ಟುಕೊಂಡಳು.

ಫೋನು ಬರಲಿಲ್ಲ. ಓದು ಇನ್ನೂ ಐದನೆಯ ಅಧ್ಯಾಯದವರೆಗೆ ಬಂದಿರಲಿಕ್ಕಿಲ್ಲ ಎಂದುಕೊಂಡಳು. ಮುಂದಿನ ಶನಿವಾರವೂ ಬರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡಳು.

ಅದಾದ ಮೇಲೆ ಒಂದು ಬೆಳಿಗ್ಗೆ ಮುಂದಿನ ಕೌಂಟರಿನಿಂದ ಕರೆ ಬಂತು, ನಿಮ್ಮನ್ನು ಕೇಳಿಕೊಂಡು ಯಾರೋ ಬಂದಿದ್ದಾರೆ ಎಂದು. ಹೋಗಿ ನೋಡಿದರೆ ಆಫೀಸಿಗೆ ಹೊರಟ ಉಡುಪಿನಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಗ್ರಂಥಾಲಯ ಕೊಟ್ಟ ಓದುವ ಯಂತ್ರ. ಸಾಹೇಬರ ಸೊಸೆ.

"ಟಿಪ್ಪಣಿ ಮಾಡೋ ಮೇಡಂ ನೀವೇನಾ? ಇದನ್ನ ವಾಪಸ್ ಕೊಡೋಣ ಅಂತ ಬಂದೆ. ಮಾವ ಇನ್ನು ಪುಸ್ತಕ ಬೇಡ ಅಂದ್ಬಿಟ್ರು."

"ಯಾಕೆ?" ಎಂದಳು ಟಿಪ್ಪಣಕ್ಕ.

"ತಲೆಯಲ್ಲಿ ನಿಲ್ಲಲ್ವಂತೆ ಮೇಡಂ. ಕೇಳಿದ್ದನ್ನೇ ಕೇಳ್ತಿದೀನಿ, ಮುಂದೆ ಹೋಗಿದ್ನೋ ಇಲ್ವೋ ನೆನಪಿಲ್ಲ ಅಂತ ಅತ್ತುಬಿಟ್ರು. ಅವರ ಅಣ್ಣಂಗೆ ಮರೆವಿನ ಕಾಯಿಲೆ ಇತ್ತು. ಅದೇ ಬಂತು ಅಂತಾರೆ. ಕೆಳಗಡೆ ನಡೆಯೋಕೆ ಹೋಗೋದನ್ನೂ ಬಿಟ್ಟಿದಾರೆ. ಮನೆ ಬೀಗದ ಕೈ ನನ್ನ ಕೈಗೆ ಕೊಟ್ಟು, ನಂಗೆ ಕೊಡಬೇಡ, ಎಲ್ಲಾದ್ರೂ ಹೋಗಿ ವಾಪಸ್ ಬರೋಕೆ ಗೊತ್ತಾಗ್ದೆ ನಿಂತುಬಿಡ್ತೀನಿ ಅಂದ್ರು."

"ಪುಸ್ತಕದಲ್ಲೇ ತಪ್ಪಿರಬಹುದು ಅಂತ..."

"ನಾನೂ ಅದೇ ಅಂದೆ. ಬೈದ್ರು ನಂಗೆ. ಆಯಮ್ಮನ ಕೈಲಿ ತಪ್ಪು ಬರೋದಿಲ್ಲ, ಬಂದಿದ್ರೆ ನನ್ನ ತಲೆಯಲ್ಲೇ ಬಂದಿರಬೇಕು ಅಂದ್ರು. ಪುಸ್ತಕ ಬಹಳ ಚೆನ್ನಾಗಿದೆ ಅಂತ ನಿಮಗೆ ಹೇಳಿ ಬಾ ಅಂದ್ರು."

ಟಿಪ್ಪಣಕ್ಕ ಕೌಂಟರಿನ ಅಂಚು ಹಿಡಿದುಕೊಂಡಳು.

"ಅವರಿಗೆ ಫೋನ್ ಹಾಕಿಕೊಡಿ" ಎಂದಳು.

ಸೊಸೆ ಮೊಬೈಲು ಒತ್ತಿ, ಗ್ರಂಥಾಲಯದವರು ಮಾತಾಡ್ತಾರಂತೆ ಮಾವ ಎಂದು ಅವಳ ಕೈಗೆ ಕೊಟ್ಟಳು.

"ಸರ್, ತಪ್ಪು ಪುಸ್ತಕದಲ್ಲೇ ಇದೆ. ಐದನೇ ಅಧ್ಯಾಯದಲ್ಲಿ ಒಂದು ಟಿಪ್ಪಣಿಯಿಂದ ವಾಪಸ್ ಬಂದ್ರೆ ಬಹಳ ಹಿಂದಕ್ಕೆ ಹೋಗಿಬಿಡುತ್ತೆ. ಅದಕ್ಕೇ ಕೇಳಿದ್ದೇ ಕೇಳಿಸಿದ್ದು. ನಿಮ್ಮ ತಲೆ ಸರಿಯಾಗಿದೆ."



"ಇನ್ನೊಂದ್ಸಲ ಹೇಳಿ."

ಇನ್ನೊಂದು ಸಲ ಹೇಳಿದಳು. ಸಾಹೇಬರು ನಗಲು ಶುರುಮಾಡಿದರು. ನಗುವಿನ ನಡುವೆ ಮೂಗು ಸೀಟಿದರು. "ಅಯ್ಯೋ ದೇವರೇ, ಜೀವ ಬಂತಲ್ಲಮ್ಮಾ! ಹೋಗ್ಲಿ ಬಿಡಿ, ಕೆಲಸ ಮಾಡೋರ ಕೈಲಿ ತಾನೇ ತಪ್ಪಾಗೋದು. ಕೂತು ತಿನ್ನೋರ ಕೈಲಿ ಆಗುತ್ತಾ?"

ಇಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಖಾಂತವಾಗುತ್ತಿತ್ತು. ಕೇಳದೆಯೇ ಕ್ಷಮೆ ಸಿಕ್ಕಿತ್ತು, ಸುಮ್ಮನಿದ್ದರೆ ಶನಿವಾರದ ಫೋನೂ ಸಿಗುತ್ತಿತ್ತು. ಅವಳ ಬಾಯಲ್ಲಿ "ಥ್ಯಾಂಕ್ಸ್ ಸರ್" ಎಂಬ ಮಾತು ಸಿದ್ಧವಾಗಿಯೂ ಇತ್ತು. ಆದರೆ ಬಾಗಿಲಾಚೆ ಹೆಜ್ಜೆಯಿಡಲು ಹೆದರಿ ಕೂತ ಮುದುಕ ಅವಳ ಕಣ್ಣಿಗೆ ಕಟ್ಟಿಬಿಟ್ಟಿದ್ದ.

"ಕೈತಪ್ಪಲ್ಲ ಸರ್. ಬೇಕಂತಲೇ ಮಾಡಿದೆ."

"ಏನಂದ್ರಿ?"

"ತಪ್ಪಿದ್ರೆ ನೀವು ಫೋನ್ ಮಾಡ್ತೀರಿ ಅಂತ."

ಸೊಸೆ ಅವಳ ಮುಖವನ್ನೇ ನೋಡುತ್ತ ನಿಂತಳು. ಆ ಕಡೆಯಿಂದ ಸಾಹೇಬರ ದನಿ ತಗ್ಗಿ ಬಂತು.

"ನಮ್ಮಣ್ಣನ ವಿಷಯ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ಸರ್."

"ನನ್ನ ನಂಬರೂ ನಿಮ್ಮ ಹತ್ರ ಇತ್ತು."

"ಇತ್ತು."

"ಮತ್ತೆ ನೀವೇ ಮಾಡಬಹುದಿತ್ತಲ್ಲಮ್ಮಾ! ಸುಮ್ನೆ, ಮಾತಾಡಬೇಕು ಅನ್ನಿಸ್ತು ಅಂತ. ನಾನೇನು ಬೇಡ ಅಂತಿದ್ನಾ?" ದನಿ ಒಡೆದಿತ್ತು. ಕೋಪವೋ ಅಳುವೋ ಹೇಳುವುದು ಕಷ್ಟ. "ಸೊಸೆಗೆ ಕೊಡಿ ಫೋನು."

ಅವಳು ಕೊಟ್ಟಳು. ಸೊಸೆ ಹೂಂ ಮಾವ, ಸರಿ ಮಾವ ಎಂದು ಮುಗಿಸಿ, ಯಂತ್ರವನ್ನು ಅವಳತ್ತ ಸರಿಸಿದಳು. "ಸರಿಮಾಡಿ ಕೊಡಬೇಕಂತೆ. ಕಾಯ್ತೀನಿ" ಎಂದಳು. ಅವಳ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಇರಬೇಕೆಂದು ಕೇಳುವ ಮುಖವೂ ಟಿಪ್ಪಣಕ್ಕನಿಗೆ ಇರಲಿಲ್ಲ. ಲಿಂಕ್ ಸರಿಮಾಡಲು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಸಣ್ಣ ಕೆಲಸ ಅದು.

ಮೇಲ್ವಿಚಾರಕರಿಗೂ ಅವಳೇ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇನ್ನು ಮುಂದೆ ನಿಮ್ಮ ಪುಸ್ತಕವನ್ನು ಇನ್ನೊಬ್ಬರು ನೋಡಿದ ಮೇಲೇ ಹೊರಗೆ ಹೋಗಬೇಕು ಎಂದರು. ನ್ಯಾಯವೇ. ಆದರೂ ಮೇಜಿಗೆ ಬಂದು ಕೂತಾಗ ಅವಳಿಗೆ ಅದಲ್ಲ ನೋವಾದದ್ದು. ನೀವೇ ಮಾಡಬಹುದಿತ್ತಲ್ಲ ಎಂಬ ಮಾತು. ಅಷ್ಟೊಂದು ಲಿಂಕುಗಳನ್ನು ಎರಡೂ ಕಡೆಯಿಂದ ಹಾಕಿದವಳಿಗೆ ಫೋನೂ ಎರಡೂ ಕಡೆಯಿಂದ ಮಾಡಬಹುದೆಂದು ಹೊಳೆದಿರಲೇ ಇಲ್ಲ.

ಶನಿವಾರ ಬಂತು. ಮಧ್ಯಾಹ್ನ ಎಲ್ಲರೂ ಹೊರಟ ಮೇಲೆ ಅವಳು ಫೋನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಪುಸ್ತಕದ ಮಾತಿಲ್ಲದೆ ಒಬ್ಬ ಮನುಷ್ಯನ ಜೊತೆ ಮಾತು ಶುರುಮಾಡುವುದು ಹೇಗೆಂಬುದೇ ಮರೆತುಹೋಗಿತ್ತು. ಕೊನೆಗೆ ನಂಬರು ಒತ್ತಿಯೇಬಿಟ್ಟಳು.

ಸೊಸೆ ಎತ್ತಿಕೊಂಡಳು. "ಹೇಳಿ ಮೇಡಂ. ಪುಸ್ತಕದ ವಿಷಯನಾ? ನಂಗೇ ಹೇಳಿ, ಮಾವಂಗೆ ತಿಳಿಸ್ತೀನಿ."

"ಪುಸ್ತಕದ ವಿಷಯ ಅಲ್ಲ."

"ಮತ್ತೇನು?"

"ಏನೂ ಇಲ್ಲ. ಸುಮ್ನೆ ಮಾಡಿದೆ."

ಸೊಸೆ ಇರಿ ಎಂದಳು. ಫೋನು ಎಲ್ಲೋ ಇಟ್ಟ ಸದ್ದು. ಆ ಮನೆಯ ಶಬ್ದಗಳು ಒಂದೊಂದಾಗಿ ಕೇಳತೊಡಗಿದವು. ನಲ್ಲಿಯಲ್ಲಿ ನೀರು, ಯಾರೋ ಕುರ್ಚಿ ಎಳೆದದ್ದು, ದೂರದಲ್ಲಿ ಎರಡು ದನಿ, ಅದರಲ್ಲೊಂದು ಅವರದ್ದು. ಟಿಪ್ಪಣಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡಳು. ಮಾತು ಅರ್ಥವಾಗಲಿಲ್ಲ.

ಸೊಸೆ ವಾಪಸ್ ಬಂದಳು.

"ಇವತ್ತು ಬೇಡವಂತೆ ಮೇಡಂ. ಮುಂದಿನ ಶನಿವಾರ ಮಾಡಿ ನೋಡಲಿ ಅಂದ್ರು."

"ಸರಿ" ಎಂದಳು ಟಿಪ್ಪಣಕ್ಕ. "ಮಾಡ್ತೀನಿ ಅಂತ ಹೇಳಿ."