ಒಂದು ವಾರ ಮೊದಲೇ ತೆರೆದ ಬಾಗಿಲು

ಗಲ್ಫಿನ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಬೆಳಿಗ್ಗೆ ಸೋಫಾವನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದರೆ ಅದೇ ಕನ್ನಡ ಶಾಲೆ. ಮೆಟ್ರೋದ ಹಸಿರು ಮಾರ್ಗ ಶುರುವಾಗಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ ಅದು. ನಮ್ಮ ಕಟ್ಟಡದ್ದೇ ಎಂಟು ಮಕ್ಕಳು ಬರುತ್ತಿದ್ದರು. ನಾನು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ನಾಟಕ ಆಡಿಸಿದರಾದರೂ ನಾಲಿಗೆ ತಿರುಗೀತು ಎಂದು ನಾನೇ ಒಂದು ಕಾಡಿನ ನಾಟಕ ಬರೆದೆ. ಆನೆ, ಹುಲಿ, ಕಾಗೆ, ಎರಡು ಮೊಲ; ಉಳಿದ ಮೂವರು ಮರಗಳು. ನವೆಂಬರ್ ಕೊನೆಗೆ ಇಲ್ಲಿನ ಕನ್ನಡಿಗರೆಲ್ಲ ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಆಡಲು ಒಪ್ಪಿಗೆಯೂ ಸಿಕ್ಕಿತ್ತು.

ತಾಲೀಮು ಜೋರಾಗಿ ನಡೆಯುತ್ತಿದ್ದಾಗ ಹುಲಿಯ ಮೈತುಂಬ ಗುಳ್ಳೆ ಎದ್ದವು. ಶನಿವಾರ ಸಂಜೆ ಅವನ ತಾಯಿ ಫೋನ್ ಮಾಡಿ ಸೀತಾಳೆ ಸಿಡುಬು ಎಂದು ತಿಳಿಸಿದರು. ಏಳು ವರ್ಷದ ಆ ಹುಡುಗ ಫೋನ್ ಕಸಿದುಕೊಂಡು, "ಟೀಚರ್, ಐ ಆಮ್ ನಾಟ್ ಟೈಗರ್ ನೌ. ಐ ಆಮ್ ಚಿರತೆ," ಎಂದ. ಯಾರೂ ಹೇಳಿಕೊಡದೆ ಅವನ ಬಾಯಿಂದ ಬಂದ ಮೊದಲ ಕನ್ನಡ ಪದ ಅದು. ಜ್ವರ ಎಷ್ಟಿದೆ ಎಂದು ಕೇಳುವುದನ್ನೂ ಮರೆತು ನಕ್ಕುಬಿಟ್ಟೆ.

ನಮ್ಮ ಎದುರು ಫ್ಲ್ಯಾಟಿನಲ್ಲಿ ಮಂಗಳೂರಿನ ಕೊಂಕಣಿ ಕ್ರೈಸ್ತ ನರ್ಸ್ ಒಬ್ಬರಿದ್ದರು. ಇಡೀ ಕಟ್ಟಡಕ್ಕೆ ಅವರು ಸಿಸ್ಟರ್. ಸುದ್ದಿ ಕೇಳಿದ್ದೇ ಡ್ಯೂಟಿಯ ಬಟ್ಟೆಯಲ್ಲೇ ಬಂದು, ಎಂಟೂ ಮಕ್ಕಳ ಲಸಿಕೆ ಕಾರ್ಡಿನ ಫೋಟೋ ತರಿಸಿಕೊಂಡು ನೋಡಿದರು. ಇಲ್ಲೇ ಹುಟ್ಟಿದ ನಾಲ್ವರಿಗೆ ಈ ಲಸಿಕೆ ಆಗಿತ್ತು. ಊರಲ್ಲಿ ಹುಟ್ಟಿದ ಹುಲಿಗೂ ಇನ್ನು ಮೂವರಿಗೂ ಆಗಿರಲಿಲ್ಲ.

"ಕ್ಲಾಸ್ ಬಂದ್ ಮಾಡಿ ಟೀಚರ್. ಈ ಮೂರು ಮಕ್ಕಳಿಗೆ ನಾಳೆಯೇ ಲಸಿಕೆ ಹಾಕಿಸ್ಲಿಕ್ಕೆ ಹೇಳಿ. ಮೂರು ವಾರ ಯಾರಿಗೂ ಎಂತ ಆಗ್ಲಿಲ್ಲ ಅಂದ್ರೆ ಮತ್ತೆ ಬಾಗಿಲು ತೆಗೀರಿ."

"ಮೂರು ವಾರವಾ? ನಾಟಕ ಉಂಟಲ್ಲ ಸಿಸ್ಟರ್."

"ನಾಟಕ ಉಂಟು ಅಂತ ರೋಗಕ್ಕೆ ಗೊತ್ತಿಲ್ಲ. ಮತ್ತೆ, ಎರಡನೇ ಮಹಡಿಯವಳು ಬಸುರಿ. ಅವಳನ್ನಂತೂ ಈ ಕಡೆ ಬಿಡ್ಬೇಡಿ."

ಎರಡನೇ ಮಹಡಿಯವಳೆಂದರೆ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ ಮನೆಯ ಹೆಣ್ಣುಮಗಳು, ನಮ್ಮ ಆನೆಯ ತಾಯಿ. ಅವಳಿಗೆ ಆಗ ಏಳು ತಿಂಗಳು.

ಒಂದು ಶುಕ್ರವಾರ ಚಾಪೆ ಸುತ್ತಿಟ್ಟಲ್ಲೇ ಇತ್ತು. ಎರಡನೆಯ ಶುಕ್ರವಾರ ನನ್ನಿಂದ ಸುಮ್ಮನೆ ಕೂರಲಾಗಲಿಲ್ಲ. ಹುಲಿಯ ಗುಳ್ಳೆಗಳು ಒಣಗಿ ಉದುರಿದ್ದವು. ಬೇರೆ ಯಾವ ಮಗುವಿಗೂ ಏನೂ ಆಗಿರಲಿಲ್ಲ. ಆದರೆ ಲಸಿಕೆ ಬಾಕಿಯಿದ್ದ ಮೂವರಲ್ಲಿ ಒಬ್ಬಳಿಗೆ ಮಾತ್ರ ಹಾಕಿಸಿದ್ದರು. ಉಳಿದಿಬ್ಬರ ಮನೆಯವರು ಆಫೀಸಿನಲ್ಲಿ ರಜೆ ಸಿಕ್ಕಿಲ್ಲ, ಮುಂದಿನ ವಾರ ಖಂಡಿತ ಎನ್ನುತ್ತಿದ್ದರು. ಅವರಲ್ಲೊಬ್ಬರು ಲಿಫ್ಟಿನಲ್ಲಿ ಸಿಕ್ಕಿ, "ಖಲಾಸ್ ಅಲ್ವಾ ಟೀಚರ್? ಇನ್ನೆಂತ ಹೆದರಿಕೆ?" ಎಂದರು. ನನ್ನ ಕಿವಿಗೆ ಬೇಕಾಗಿದ್ದೂ ಅದೇ ಮಾತು. ಸಿಸ್ಟರ್ ಡ್ಯೂಟಿಗೆ ಹೊರಟದ್ದನ್ನು ಬಾಗಿಲಿನ ಕಿಂಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡು, ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ‘ಇವತ್ತು ತಾಲೀಮು ಇದೆ’ ಎಂದು ಹಾಕಿದೆ. ಮುಂದೆ ಕೆಲವು ವರ್ಷಗಳ ಬಳಿಕ ಇಡೀ ಜಗತ್ತೇ ಬಾಗಿಲು ಮುಚ್ಚಿ ಕೂತು, ಯಾವಾಗ ತೆರೆಯುವುದೆಂದು ವಾದ ಮಾಡುತ್ತಿದ್ದಾಗ, ತೆರೆಯಿರಿ ಎನ್ನುವವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಆ ಆತುರ ನನ್ನದೂ ಆಗಿತ್ತು.

ಆ ದಿನ ಮಕ್ಕಳು ಎರಡು ವಾರದ ಗಲಾಟೆಯನ್ನು ಒಂದೇ ಬೆಳಿಗ್ಗೆ ಮಾಡಿ ಮುಗಿಸಿದರು. ಮೊಲಗಳು ಕುಪ್ಪಳಿಸುವ ಸದ್ದಿಗೆ ಕೆಳಗಿನ ಮನೆಯವರು ಫೋನ್ ಮಾಡಿದರು. ಅಷ್ಟರಲ್ಲಿ ಬೆಲ್ ಆಯಿತು. ಎರಡನೇ ಮಹಡಿಯವಳು ನೇಂದ್ರ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಪೋಡಿ ಮಾಡಿಕೊಂಡು ಬಂದಿದ್ದಳು.

"ಐದೇ ನಿಮಿಷ ಅಕ್ಕ. ಆನೆಯನ್ನು ನೋಡಿ ಹೋಗ್ತೇನೆ."

ಬಾಗಿಲಲ್ಲೇ ತಡೆಯಬೇಕಿತ್ತು. ತಡೆಯಲಿಲ್ಲ. ಅವಳು ಕೊನೆಯವರೆಗೂ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಲಸಿಕೆ ಆಗದ ಒಂದು ಮೊಲ ಅವಳಿಗೆ ಒರಗಿಕೊಂಡೇ ಪೋಡಿ ತಿಂದಿತು.

ಭಾನುವಾರ ಆ ಮೊಲಕ್ಕೆ ಗುಳ್ಳೆ ಎದ್ದವು.

ನಾನು ನೇರವಾಗಿ ಎದುರು ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಬಾಗಿಲ ಕಿಂಡಿಯಲ್ಲಿ ನೋಡಿದ್ದನ್ನೂ ಬಿಡಲಿಲ್ಲ. ಸಿಸ್ಟರ್ ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

"ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಹರಡ್ತದೆ ಟೀಚರ್. ಅದಕ್ಕೇ ಮೂರು ವಾರ ಹೇಳಿದ್ದು. ಬನ್ನಿ, ಕೆಳಗೆ ಹೋಗುವ."

ನಾನು ಬಾಗಿಲಲ್ಲೇ ನಿಂತು ವಿಷಯ ಹೇಳಿದೆ. ಎರಡನೇ ಮಹಡಿಯವಳ ಮುಖ ಬಿಳಿಚಿತು. ಚಿಕ್ಕಂದಿನಲ್ಲಿ ಬಂದಿತ್ತಾ ಎಂದು ಸಿಸ್ಟರ್ ಕೇಳಿದರೆ ಅವಳಿಗೆ ನೆನಪಿಲ್ಲ. ಊರಿಗೆ ಫೋನ್ ಹಚ್ಚಿದಳು. ಅವಳ ತಾಯಿ ಬ್ಯಾರಿ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದರು. "ಏಳು ಮಕ್ಕಳಿಗೂ ಏನೇನೋ ಎದ್ದಿತ್ತಂತೆ. ಯಾರಿಗೆ ಯಾವುದು ಅಂತ ಉಮ್ಮನಿಗೆ ನೆನಪಿಲ್ಲವಂತೆ," ಎಂದಳು.

"ರಕ್ತ ನೋಡುವ. ಮೊದಲು ಬಂದು ಹೋಗಿದ್ರೆ ಅದರಲ್ಲಿ ಗೊತ್ತಾಗ್ತದೆ. ಬರ್ಲಿಲ್ಲ ಅಂದ್ರೆ ಕೊಡ್ಲಿಕ್ಕೆ ಇಂಜೆಕ್ಷನ್ ಉಂಟು. ಅದಕ್ಕೆ ಸಮಯವೂ ಉಂಟು," ಎಂದ ಸಿಸ್ಟರ್ ಆಗಲೇ ಅವಳ ಡಾಕ್ಟರಿಗೆ ಫೋನ್ ಮಾಡಿದರು.

ಎರಡು ದಿನ ನಾನು ಮಾಡಿದ ಅಡುಗೆಗೆ ಉಪ್ಪಿರಲಿಲ್ಲ, ಇಲ್ಲವೇ ಎರಡೆರಡು ಸಲ ಇರುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಅವಳದೇ ಫೋನ್ ಬಂತು.

"ಅಕ್ಕ, ನನಗೆ ಚಿಕ್ಕದಿರುವಾಗಲೇ ಬಂದು ಹೋಗಿದೆಯಂತೆ. ಮಗುವಿಗೆ ಎಂತ ತೊಂದರೆ ಇಲ್ಲವಂತೆ."

ಅಡುಗೆಮನೆಯ ನೆಲದಲ್ಲೇ ಕೂತು ಅತ್ತುಬಿಟ್ಟೆ.

"ಅಳ್ಬೇಡಿ ಅಕ್ಕ. ಪೋಡಿ ಹೇಗಿತ್ತು ಅಂತ ನೀವು ಹೇಳ್ಲೇ ಇಲ್ಲ."

ನನ್ನ ಆತುರದ ಪಾಲು ನಮ್ಮ ಮನೆಗೂ ಬಂತು. ಎರಡು ವಾರ ಕಳೆದು, ಲಸಿಕೆ ಮುಂದೂಡಿದ್ದ ಇನ್ನೊಂದು ಮಗುವಿಗೂ ನನ್ನ ಗಂಡನಿಗೂ ಒಂದೇ ದಿನ ಗುಳ್ಳೆ ಎದ್ದವು. ಮಗು ವಾರದಲ್ಲಿ ಆಡಿಕೊಂಡಿತು. ನಲವತ್ತೆರಡು ವರ್ಷದ ಗಂಡ ನಿಜಕ್ಕೂ ಹಣ್ಣಾದರು; ಜ್ವರ ಇಳಿದ ಮೇಲೆ ಮೈಯೆಲ್ಲ ಗುಲಾಬಿ ಬಣ್ಣದ ಕ್ಯಾಲಮೈನ್ ಬಳಿದುಕೊಂಡು ಕೂತರು. ಊರಿನಿಂದ ಅತ್ತೆ ಫೋನಿನಲ್ಲಿ, "ಅಮ್ಮ ಬಂದಿದ್ದಾಳೆ, ಬೇವಿನಸೊಪ್ಪು ಹಾಸಿ ಮಲಗಿಸು," ಎಂದು ಹಟ ಹಿಡಿದರು. ನಮ್ಮ ರಸ್ತೆಯುದ್ದಕ್ಕೂ ಬೇವಿನ ಮರಗಳೇನೋ ಇದ್ದವು, ಕಿತ್ತರೆ ದಂಡ ಬೀಳುವ ಹೆದರಿಕೆಗೆ ಕೀಳಲು ಧೈರ್ಯವಿರಲಿಲ್ಲ. ಕಟ್ಟಡದ ವಾಚ್‌ಮನ್ ಕೆಳಗೆ ಉದುರಿದ್ದ ಎರಡು ಟೊಂಗೆಗಳನ್ನು ಯಾರಿಗೂ ಕಾಣದಂತೆ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಸಿಸ್ಟರ್ ನೋಡಿ, "ಸೊಪ್ಪು ಇರ್ಲಿ, ಉಗುರು ಮಾತ್ರ ಕತ್ತರಿಸಿ," ಎಂದರು.

ರಾಜ್ಯೋತ್ಸವ ನಾವಿಲ್ಲದೆ ಮುಗಿಯಿತು. ಈ ಸಲ ನಾಟಕದ ದಿನ ಗೊತ್ತುಮಾಡುವ ಅಧಿಕಾರವನ್ನು ನಾನೇ ಸಿಸ್ಟರ್ ಕೈಗೆ ಕೊಟ್ಟೆ. ಅವರು ಮನೆಮನೆಗೆ ಹೋಗಿ ಕಾರ್ಡುಗಳನ್ನು ಮತ್ತೊಮ್ಮೆ ನೋಡಿದರು. ಜನವರಿ ಕೊನೆಯ ಒಂದು ಶುಕ್ರವಾರ ಸಂಜೆ, "ಯಲ್ಲಾ, ನಡೀರಿ, ಈಗ ಆಡಿ," ಎಂದರು. ಕಟ್ಟಡದ ತಾರಸಿಯಲ್ಲಿ ಡಿಶ್ ಆಂಟೆನಾಗಳ ನಡುವೆ ಬೆಡ್‌ಶೀಟು ಕಟ್ಟಿ ವೇದಿಕೆ ಮಾಡಿದೆವು. ಎರಡನೇ ಮಹಡಿಯವಳು ಒಂದು ತಿಂಗಳ ಗಂಡುಮಗುವನ್ನು ಹೊದಿಸಿಕೊಂಡು ಬಂದು, ಸಿಸ್ಟರ್ ಪಕ್ಕ ಮುಂದಿನ ಸಾಲಿನಲ್ಲೇ ಕೂತಳು.

ಆನೆ ತನ್ನ ದೊಡ್ಡ ಭಾಷಣ ಶುರುಮಾಡಿದ ಹೊತ್ತಿಗೇ ಮಗು ಅಳತೊಡಗಿತು. ಆನೆ ಮಾತು ನಿಲ್ಲಿಸಿ, ಸೊಂಡಿಲನ್ನು ಹಣೆಯ ಮೇಲೆ ಏರಿಸಿಕೊಂಡು, ವೇದಿಕೆಯಿಂದ ಇಳಿದು ತಮ್ಮನ ಹತ್ತಿರ ಹೋಯಿತು. "ಅಳ್ಬೇಡ. ನಾಟಕ ಅಷ್ಟೇ," ಎಂದು ಕನ್ನಡದಲ್ಲೇ ಸಮಾಧಾನ ಮಾಡಿತು. ಕಾಡಿನ ಉಳಿದ ಪ್ರಾಣಿಗಳೂ ಮರಗಳೂ ಒಂದೊಂದಾಗಿ ಇಳಿದು ಮಗುವಿನ ಸುತ್ತ ನಿಂತವು. ಬರೆದ ನಾಟಕದಲ್ಲಿ ಇಲ್ಲದ ಆ ದೃಶ್ಯಕ್ಕೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.