ಬಿಯರಿನಲ್ಲಿ ಜ್ಞಾನಸ್ನಾನ

ಬ್ಯೋರ್ಕೆಬಿ ಊರಿನ ಗುನ್ವೋರ್ ಜೀವಮಾನದಲ್ಲಿ ಮಾಡಿದ್ದು ಎರಡೇ ಕೆಲಸ: ಬಿಯರ್ ಕಾಯಿಸುವುದು, ಕಾಯಿಸಿದ್ದನ್ನು ಹೊಗಳಿಕೊಳ್ಳುವುದು. ಎರಡರಲ್ಲೂ ಅವಳದು ಎತ್ತಿದ ಕೈ. ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದ್ದಳು. ಮೊದಲನೆಯವನು ಅವಳ ಬಿಯರ್ ಕುಡಿದು ಸತ್ತ, ಎರಡನೆಯವನು ಅದು ಸಿಗದೆ ಸತ್ತ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವಳಿಗೆ ಎರಡೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು. ಜವೆಗೋಧಿಯನ್ನು ಮೊಳಕೆ ಬರಿಸಿ, ಒಣಗಿಸಿ, ಜವುಗು ನೆಲದ ಕಹಿ ಎಲೆ ಹಾಕಿ ಅವಳು ಕುದಿಸತೊಡಗಿದರೆ ಊರಂಚಿನ ಸರೋವರದ ಮೀನುಗಾರರು ಬಲೆ ಬಿಟ್ಟು ದಡಕ್ಕೆ ಬರುತ್ತಿದ್ದರು.

ಅವಳ ಒಡತಿ ಹಾಲ್‌ಫ್ರಿಡ್ ರಾಣಿ. ರಾಣಿ ಎಂದ ಕೂಡಲೇ ಬಹಳ ಕಲ್ಪಿಸಿಕೊಳ್ಳಬೇಕಾಗಿಲ್ಲ. ಅವಳ ಗಂಡ ಟೋರ್ಗಿಲ್ಸನನ್ನು ದೊರೆ ಎಂದು ಒಪ್ಪಿಕೊಂಡಿದ್ದು ಮೂರು ಹೋಬಳಿ. ನಾಲ್ಕನೆಯದು ಯೋಚನೆ ಮಾಡಿ ಹೇಳುತ್ತೇವೆ ಅಂದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಹಾಗೆ ದೊರೆಗೆ ಕಿರೀಟವೇನೋ ಇತ್ತು, ತಾಮ್ರದ್ದು. ಬೆವರಿದರೆ ಹಣೆಯ ಮೇಲೆ ಹಸಿರು ಗೆರೆ ಮೂಡುತ್ತಿತ್ತು. ರಾಣಿ ತಾನೇ ಹಸು ಕರೆಯುತ್ತಿದ್ದಳು, ತಾನೇ ಬೆಣ್ಣೆ ತೆಗೆಯುತ್ತಿದ್ದಳು. ನಾರ್ವೆಯಿಂದ ಮದುವೆಯಾಗಿ ಬಂದ ಅವಳಿಗೆ ಬ್ಯೋರ್ಕೆಬಿಯದು ಯಾವುದೂ ಹಿಡಿಸುತ್ತಿರಲಿಲ್ಲ. ಗುನ್ವೋರಳ ಬಿಯರ್ ಅಂತೂ ಸುತರಾಂ ಹಿಡಿಸುತ್ತಿರಲಿಲ್ಲ.

"ಏನೇ ಇದು, ಪಾತ್ರೆ ತೊಳೆದ ನೀರಾ? ನಮ್ಮಪ್ಪನ ಮನೇಲಿ ಹಂದಿಗೂ ಇದನ್ನ ಇಡ್ತಿರ್ಲಿಲ್ಲ."

"ಅದಕ್ಕೇ ಅಮ್ಮಾವ್ರೇ, ನಿಮ್ಮ ಕಡೆ ಹಂದಿಗಳು ಹಾಗೆ ಸೊರಗಿರೋದು."

ಏಳು ವರ್ಷ ಇದೇ ಮಾತು, ಇದೇ ಜವಾಬು. ರಾಣಿಗೆ ಕುಡಿಯಲು ಕೊಟ್ಟ ಕೊಂಬು ಮಾತ್ರ ಪ್ರತಿಸಲವೂ ಖಾಲಿಯಾಗಿಯೇ ಹಿಂದಕ್ಕೆ ಬರುತ್ತಿತ್ತು. ತಾನು ಸಾಯುವುದರೊಳಗೆ ಇವಳ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ಗುನ್ವೋರಳಿಗೆ ಹಟ ಹತ್ತಿತ್ತು.

ಎಂಟನೆಯ ವರ್ಷ ರಾಣಿ ಮೊದಲ ಸಲ ಬಸುರಾದಳು. ಆ ಖುಷಿಯಲ್ಲಿ ದೊರೆ ಹೊಸ ಕುದುರೆಯ ಧೈರ್ಯ ತೋರಿಸುತ್ತೇನೆಂದು ಸರೋವರದ ಮೊದಲ ಮಂಜುಗಡ್ಡೆಯ ಮೇಲೆ ಓಡಿಸಿದ. ಕುದುರೆ ಈಜಿ ಬಂತು. ದೊರೆ ಬರಲಿಲ್ಲ. ತಿಥಿಯ ಊಟ ಮುಗಿಯುವ ಮೊದಲೇ ಅವನ ತಮ್ಮ ಫಿನ್ವಿಡ್ ಬಂದು ಕೊಟ್ಟಿಗೆ, ಹೊಲ, ಮೀನಿನ ದಡ ಎಲ್ಲ ಅಳತೆ ಮಾಡತೊಡಗಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವ ಜಾತಿ ಅವನದು. ಅಲ್ಲಿಯ ಕಾನೂನು ಸರಳ: ಕೂಸು ಹುಟ್ಟಿ ಜ್ಞಾನಸ್ನಾನ ಪಡೆದರೆ ಅಪ್ಪನ ಮನೆ ಅದರದ್ದು, ಅದು ಸತ್ತರೆ ತಾಯಿಯದ್ದು. ಜ್ಞಾನಸ್ನಾನವಿಲ್ಲದೆ ಸತ್ತರೆ ಅದು ಹುಟ್ಟೇ ಇಲ್ಲ ಎಂದು ಲೆಕ್ಕ. ಮನೆ ಚಿಕ್ಕಪ್ಪನಿಗೆ, ಹೆಣ ಚರ್ಚಿನ ಗೋಡೆಯ ಆಚೆಗೆ.

ಜನವರಿಯ ಒಂದು ಬೆಳಗ್ಗೆ ರಾಣಿ ಬಿಯರ್ ಸರಿಯಿಲ್ಲವೆಂದು ಬಯ್ಯುವುದಕ್ಕೇ ಬಿಯರ್ ಮನೆಗೆ ಬಂದಳು. ಬಯ್ಗುಳದ ನಡುವೆಯೇ ನೋವು ಶುರುವಾಯಿತು. ಸೂಲಗಿತ್ತಿ ಸರೋವರದ ಆಚೆ, ನಡುವೆ ಹಿಮಗಾಳಿ. ಗುನ್ವೋರ್ ಅವಳನ್ನು ಜವೆಯ ಮೂಟೆಗಳ ಮೇಲೆ ಮಲಗಿಸಿ ಕೈಲಾದದ್ದು ಮಾಡಿದಳು. ಗಂಡು ಕೂಸು, ನೀಲಿಗಟ್ಟಿತ್ತು, ಉಸಿರು ಎಳೆಯುವುದಕ್ಕೇ ಒದ್ದಾಡುತ್ತಿತ್ತು.

"ಹೆಸರಿಡೇ! ನೀರು ಹಾಕೇ, ಬೇಗ!" ಎಂದು ರಾಣಿ ಕಿರುಚಿದಳು.

ಪಾದ್ರಿ ಇಲ್ಲದಾಗ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಅದು ಎಲ್ಲರಿಗೂ ಗೊತ್ತು. ಆದರೆ ಬಾವಿ ಹೆಪ್ಪುಗಟ್ಟಿತ್ತು, ಇದ್ದ ನೀರೆಲ್ಲ ಜವೆಯ ಜೊತೆ ಕುದಿಯುತ್ತಿತ್ತು, ಹೊಸ್ತಿಲಾಚೆಯ ಹಿಮ ಕರಗಿಸುವಷ್ಟು ಹೊತ್ತು ಕೂಸಿಗೆ ಇರಲಿಲ್ಲ. ಬಾಣಂತಿ ಊಟಕ್ಕೆಂದು ತೆಗೆದಿಟ್ಟ ಬಿಯರ್ ಪಕ್ಕದಲ್ಲೇ ಬೋಗುಣಿಯಲ್ಲಿತ್ತು, ಜೇನಿನ ಬಣ್ಣದ್ದು, ವರ್ಷದಲ್ಲೇ ಒಳ್ಳೆಯದು. ದೊರೆಯ ಮಗನಿಗೆ ನೀರಿಗಿಂತ ಇದೇ ಮೇಲು ಎಂದುಕೊಂಡಳು ಗುನ್ವೋರ್. ತಲೆಗೆ ಮೂರು ಸಲ ಸುರಿದು, ಗಾಬರಿಯಲ್ಲಿ ನೆನಪಿಗೆ ಬಂದ ಒಂದೇ ಹೆಸರು, ತನ್ನ ಅಪ್ಪನದು, ಇಟ್ಟುಬಿಟ್ಟಳು: ಟೋಲೆ. ಕೂಸು ಒಮ್ಮೆ ಸೀನಿತು. ಆಮೇಲೆ ಸತ್ತಿತು.

ಅಸ್ಮುಂಡ್ ಪಾದ್ರಿ ಬಂದು ವಿಚಾರಿಸಿದಾಗ ಅವಳು ಹೆಮ್ಮೆಯಿಂದಲೇ ಹೇಳಿದಳು: "ಬರೀ ನೀರಲ್ಲ ಪಾದ್ರಿಗಳೇ. ನನ್ನ ಬಿಯರು, ಮೊದಲು ಇಳಿಸಿದ ಗಟ್ಟಿ ಬಿಯರು!"

ಪಾದ್ರಿಯ ಮುಖ ಬಿಳಿಚಿಕೊಂಡಿತು. ನೀರೇ ಆಗಬೇಕಂತೆ, ಬಿಯರಿನ ಜ್ಞಾನಸ್ನಾನ ಜ್ಞಾನಸ್ನಾನವಲ್ಲವಂತೆ. ಟೋಲೆಯನ್ನು ಗೋಡೆಯಾಚೆ ಕಲ್ಲುಗುಪ್ಪೆಯಡಿ ಇಟ್ಟರು. ಫಿನ್ವಿಡ್ ಬೀಗದ ಕೈ ಕೇಳಿದ. ಬಿಷಪ್ಪರು ವಸಂತದಲ್ಲಿ ಬಂದು ತೀರ್ಮಾನ ಹೇಳಲಿ ಎಂದಿತು ಊರು.

ಆ ಚಳಿಗಾಲವಿಡೀ ಭಾನುವಾರ ಭಾನುವಾರ ರಾಣಿ ಚರ್ಚಿನೊಳಗೆ ಹೋಗಲಿಲ್ಲ. ಗೋಡೆಯಾಚೆ ಆ ಕಲ್ಲುಗಳ ಹತ್ತಿರ ಹಿಮದಲ್ಲಿ ನಿಂತಿರುತ್ತಿದ್ದಳು. ಗುನ್ವೋರಳನ್ನು ಒಂದು ಮಾತೂ ಬಯ್ಯಲಿಲ್ಲ. ಬಿಯರನ್ನೂ ಬಯ್ಯಲಿಲ್ಲ. ಅದನ್ನು ಮಾತ್ರ ಗುನ್ವೋರಳಿಗೆ ತಡೆದುಕೊಳ್ಳಲು ಆಗಲಿಲ್ಲ.

ಮೇ ತಿಂಗಳಲ್ಲಿ ಬಿಷಪ್ಪರು ಬಂದರು. ವಯಸ್ಸಾದವರು, ಊದಿದ ಕಾಲು. ಚರ್ಚಿನ ಅಂಗಳದಲ್ಲಿ ಪೀಠ ಹಾಕಿ ಎದುರಿಗೆ ಆಣೆ ಮಾಡಿಸಲು ಸಂತನೊಬ್ಬನ ಬೆರಳ ಮೂಳೆ ಇಟ್ಟರು. ಅದು ಕುರಿಯದೂ ಇರಬಹುದಿತ್ತು. ಆದರೆ ಗುನ್ವೋರ್ ಅದನ್ನು ನಂಬಿದ್ದಳು. ಸುಳ್ಳಾಣೆಗೆ ನರಕವೇ ಗತಿ ಎಂದೂ ನಂಬಿದ್ದಳು.

"ಆವತ್ತು ಬೋಗುಣೀಲಿ ಏನಿತ್ತಮ್ಮಾ?"

ಗುನ್ವೋರ್ ಮೂಳೆಯ ಮೇಲೆ ಕೈ ಇಟ್ಟಳು. "ನೀರು, ಬುದ್ಧಿ."

"ಸುಳ್ಳು!" ಎಂದ ಪಾದ್ರಿ. "ನನ್ನ ಹತ್ರ ಬಿಯರ್ ಅಂದಿದ್ಲು."

"ಅಂದೆ. ಮೂವತ್ತು ವರ್ಷದಿಂದ ಎಲ್ಲರ ಹತ್ರಾನೂ ಹಾಗೇ ಅಂತಿದ್ದೀನಿ. ಪೀಪಾಯಿ ತುಂಬ ನೀರೇ ಇದೆ ಅಂತ ಬಿಯರ್ ಮಾಡೋಳು ಯಾವಳಾದ್ರೂ ಬಾಯಿ ಬಿಡ್ತಾಳಾ?"

ಅಂಗಳವೆಲ್ಲ ನಕ್ಕಿತು. ಫಿನ್ವಿಡ್ ಎದ್ದು ನಿಂತ. "ಸ್ವಾಮಿಗಳೇ, ಡೆನ್ಮಾರ್ಕಿನ ದೊರೆ ಮನೇಲಿ ಕುಡಿದಿದ್ದೀನಿ ನಾನು. ಈ ಹೆಂಗಸಿನ ಬಿಯರಿನ ಮುಂದೆ ಅದು ಏನೇನೂ ಅಲ್ಲ! ಇಂಥದ್ದು ಇಡೀ ದೇಶದಲ್ಲೇ ಇಲ್ಲ!"

ಜೀವಮಾನವೆಲ್ಲ ಕಾದಿದ್ದ ಮಾತು. ಬಂದದ್ದು ಮಾತ್ರ ಈ ಬಾಯಿಂದ. ಗುನ್ವೋರಳಿಗೆ ಒಂದು ಗಳಿಗೆ ಕಣ್ಣು ತುಂಬಿತು. ಹೌದು ಎನ್ನಬೇಕು ಅನ್ನಿಸಿತು. ನುಂಗಿಕೊಂಡಳು.

"ಒಡೆಯರು ಬರೋದಕ್ಕೆ ಮುಂಚೇನೇ ಎಲ್ಲಾದ್ರೂ ಕುಡಿದು ಬಂದಿರ್ತಾರೆ ಬುದ್ಧಿ. ನನ್ನ ಮನೇಲಿ ಬಾಯಿ ಮುಕ್ಕಳಿಸ್ತಿದ್ರು ಅಷ್ಟೇ."

ಕಾನೂನಿನ ಪ್ರಕಾರ ಅವಳ ಜೊತೆ ಇನ್ನೂ ಆರು ಹೆಂಗಸರು ಆಣೆ ಮಾಡಬೇಕು. ಮೊದಲು ಬಂದವಳು ತೋರ್ದಿಸ್, ಪಕ್ಕದ ಊರಿನ ಬಿಯರಿನವಳು, ಗುನ್ವೋರಳ ಮೂವತ್ತು ವರ್ಷದ ವೈರಿ. "ನಾನು ಮೊದಲಿಂದ ಬಡ್ಕೊಂತಾನೇ ಇದ್ದೀನಿ ಬುದ್ಧಿ, ಬರೀ ನೀರು ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದು ಹಾಲು ಕುಡಿದಷ್ಟು ಸಂತೋಷದಿಂದ ಕೈ ಇಟ್ಟಳು. ಉಳಿದ ಐವರೂ ಆ ನೀರು ಕುಡಿದು ಒಂದಲ್ಲ ಒಂದು ದಿನ ಹಳ್ಳದಲ್ಲಿ ಬಿದ್ದು ಎದ್ದವರೇ. ಒಬ್ಬೊಬ್ಬರಾಗಿ ಬಂದು "ನೀರು" ಎಂದರು. ಕೊನೆಗೆ ಬಿಷಪ್ಪರು ರಾಣಿಯ ಕಡೆ ತಿರುಗಿದರು.

"ಪಾತ್ರೆ ತೊಳೆದ ನೀರು," ಎಂದಳು ರಾಣಿ. "ಏಳು ವರ್ಷದಿಂದ ಹೇಳ್ತಿದ್ದೀನಿ. ಇಡೀ ಮನೆ ಕೇಳಿದೆ."

"ಹಾಗಾದ್ರೆ ಒಂದು ಪೀಪಾಯಿ ತರಿಸಿ! ಸ್ವಾಮಿಗಳೇ ರುಚಿ ನೋಡ್ಲಿ!" ಎಂದು ಕೂಗಿದ ಫಿನ್ವಿಡ್.

ಬಿಷಪ್ಪರು ಗುನ್ವೋರಳ ಕೆಂಪು ಕೈಗಳನ್ನು ನೋಡಿದರು, ಗೋಡೆಯಾಚೆಯ ಕಲ್ಲುಗಳನ್ನು ನೋಡಿದರು. "ನನಗೆ ವಾತ ನೋಡಪ್ಪಾ. ವೈದ್ಯರು ಮುಟ್ಟಲೇ ಕೂಡದು ಅಂದಿದ್ದಾರೆ."

ಜ್ಞಾನಸ್ನಾನ ಸಂದಿದೆ ಎಂದು ತೀರ್ಮಾನವಾಯಿತು, ಮನೆ ರಾಣಿಗೆ ಉಳಿಯಿತು. ಫಿನ್ವಿಡ್ ಇಂಗು ತಿಂದ ಮಂಗನಂತೆ ಕುದುರೆ ಹತ್ತಿದ. ಆ ಮಧ್ಯಾಹ್ನವೇ ಟೋಲೆಯನ್ನು ಗೋಡೆಯೊಳಗೆ, ದಕ್ಷಿಣದ ಬಿಸಿಲಿಗೆ ತಂದು ಮಲಗಿಸಿದರು.

ಗುನ್ವೋರ್ ಇನ್ನೂ ಹದಿನಾಲ್ಕು ವರ್ಷ ಬಿಯರ್ ಕಾಯಿಸಿದಳು. ಆದರೆ ಅದನ್ನು ಹೊಗಳುವ ಹಾಗಿರಲಿಲ್ಲ, ಅವಳೂ ಇಲ್ಲ, ಊರವರೂ ಇಲ್ಲ. ಹೊಗಳಿದರೆ ಕೂಸು ಮತ್ತೆ ಗೋಡೆಯಾಚೆಗೆ. ಕುಡಿದವರೆಲ್ಲ ಮುಖ ಕಿವುಚಿ, "ಥೂ, ನೀರು!" ಎಂದು ಮತ್ತೆ ಕೊಂಬು ಚಾಚುತ್ತಿದ್ದರು. ಮದುವೆಗಳಿಗೆ ಮಾತ್ರ ಬಿಯರ್ ತೋರ್ದಿಸಳ ಮನೆಯಿಂದ ಹೋಗುತ್ತಿತ್ತು. ಅದನ್ನು ನೋಡಿದ ದಿನ ಗುನ್ವೋರ್ ಊಟ ಮಾಡುತ್ತಿರಲಿಲ್ಲ.

ಅವಳು ಹಾಸಿಗೆ ಹಿಡಿದಾಗ ರಾಣಿ ತಾನೇ ಬಂದು ಪಕ್ಕದಲ್ಲಿ ಕುಳಿತಳು. ಕೊಂಬಿನಿಂದ ಅವಳ ತುಟಿಗೆ ಒಂದಿಷ್ಟು ಹನಿಸಿ, ತಾನೂ ಒಂದು ಗುಟುಕು ಕುಡಿದು, ಅವಳ ಕಿವಿಯ ಹತ್ತಿರ ಬಾಗಿದಳು.

"ಗುನ್ವೋರ್, ಯಾರೂ ಇಲ್ಲ ಇಲ್ಲಿ. ಈಗಲಾದ್ರೂ ಹೇಳ್ತೀನಿ ಕಣೇ, ನಿನ್ನ ಬಿಯರ್..."

ಗುನ್ವೋರ್ ಕೈ ಎತ್ತಿ ರಾಣಿಯ ಬಾಯಿ ಮುಚ್ಚಿದಳು.

"ನೀರು ಅನ್ನಿ ಅಮ್ಮಾವ್ರೇ," ಎಂದಳು. "ಮಗು ಒಳಗೆ ಮಲಗಿದೆ."