ಒಂದೇ ಮೀಟರಿಗೆ ಎರಡು ಅರ್ಜಿ

ನಮ್ಮ ಮನೆ ಅಕ್ಕಿಆಲೂರಿನಲ್ಲಿ. ನಾನು ದಿನಾ ಬಸ್ಸು ಹಿಡಿದು ಹಾನಗಲ್ಲಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನನ್ನ ಗಂಡನಿಗೆ ಪೇಟೆಯಲ್ಲಿ ಗೊಬ್ಬರ, ಬೀಜದ ಅಂಗಡಿ ಇದೆ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಅತ್ತೆ ಒಬ್ಬರೇ. ಮಾವ ತೀರಿಕೊಂಡ ಮೇಲೆ ಮನೆಯೂ ಕರೆಂಟ್ ಮೀಟರೂ ಅತ್ತೆಯ ಹೆಸರಿಗೆ ಆಗಿದ್ದವು. ಅದನ್ನು ಅವರು ಒಂದು ದಿನವೂ ಮರೆಯುತ್ತಿರಲಿಲ್ಲ, ನಮಗೂ ಮರೆಯಗೊಡುತ್ತಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ನಾವು ಉಚಿತ ಕರೆಂಟಿನ ಮಿತಿ ದಾಟುತ್ತಿದ್ದೆವು. ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತಿತ್ತು. ಆಗ ನನ್ನ ಗಂಡ ಮನೆಯ ತುಂಬ ಓಡಾಡಿ ಫ್ಯಾನ್ ಆರಿಸುವ ಕೆಲಸಕ್ಕೆ ನಿಲ್ಲುತ್ತಿದ್ದರು. ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ಮರಳಿ ಬರುವಷ್ಟರಲ್ಲಿ ಫ್ಯಾನ್ ನಿಂತಿರುತ್ತಿತ್ತು.

ಸೋಲಾರ್ ಹಾಕಿಸೋಣ, ಸರ್ಕಾರ ಸಬ್ಸಿಡಿ ಕೊಡುತ್ತದೆ, ಉಳಿದದ್ದಕ್ಕೆ ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ ಎಂದು ನಾನು ಮಾತು ತೆಗೆದಾಗ ಅತ್ತೆ ಒಂದೇ ಏಟಿಗೆ ಮುಗಿಸಿಬಿಟ್ಟರು.

"ನನ್ನ ಮಾಳಿಗಿ ಮ್ಯಾಲ ಕಬ್ಬಿಣ ನಿಲ್ಲಿಸಿದ್ರ ಸಂಡಿಗಿ ಎಲ್ಲಿ ಒಣಗಸ್ಲಿ? ನಿಮ್ಮ ತೆಲಿ ಮ್ಯಾಲ?"

ಗಂಡ ಆ ಮಾತನ್ನು ಅಲ್ಲಿಗೇ ಬಿಟ್ಟರು. ನಾನು ಬಿಟ್ಟಂತೆ ತೋರಿಸಿಕೊಂಡೆ, ಅಷ್ಟೇ. ಅರ್ಜಿ ಮೊದಲು ಮಂಜೂರಾಗಲಿ, ಆಮೇಲೆ ಕಾಗದ ಮುಂದಿಟ್ಟರೆ ಅತ್ತೆ ಸಹಿ ಮಾಡದೆ ಎಲ್ಲಿ ಹೋಗುತ್ತಾರೆ ಎಂದು ಲೆಕ್ಕ ಹಾಕಿದೆ. ಅವರು ಬಿಲ್ಲುಗಳನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿ ಇಡುತ್ತಿದ್ದರು. ಒಂದು ಭಾನುವಾರ ಅವರು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿ, ಬಿಲ್ಲಿನ ಫೋಟೋ ಹೊಡೆದುಕೊಂಡು, ಗಂಟು ಮೊದಲಿನಂತೆಯೇ ಹಾಕಿಟ್ಟೆ. ವರ್ಷಗಟ್ಟಲೆ ಕಾಪಿ ಹೊಡೆಯುವ ಹುಡುಗರನ್ನು ಹಿಡಿದವಳು ನಾನು. ಅಂದು ಮೊದಲ ಸಲ ಅವರ ಎದೆಬಡಿತ ಎಂಥದ್ದೆಂದು ತಿಳಿಯಿತು.

ಮಧ್ಯಾಹ್ನ ಮೊಬೈಲಿನಲ್ಲಿ ಮೀಟರ್ ನಂಬರ್ ತುಂಬಿದೆ. ಈ ಮೀಟರಿಗೆ ಈಗಾಗಲೇ ಅರ್ಜಿ ಬಂದಿದೆ ಎಂದಿತು. ಮತ್ತೊಮ್ಮೆ ತುಂಬಿದೆ. ಅದೇ ಉತ್ತರ.

ನನ್ನ ಅನುಮಾನ ನೇರ ಗಂಡನ ಮೇಲೆ ಹೋಯಿತು. ಅಂಗಡಿಗೇ ಹೋಗಿ ಕೇಳಿದೆ.

"ನನಗ ಹೇಳದ ಸೋಲಾರಿಗೆ ಅರ್ಜಿ ಹಾಕೀರೇನು?"

"ನಾನೆಲ್ಲಿ ಹಾಕ್ಲಿ? ಅವ್ವ ಬ್ಯಾಡ ಅಂದಾಳ. ನೀ ಯಾಕ ಕೇಳಾಕತ್ತಿ?"

ನಿಜ ಹೇಳಲೇಬೇಕಾಯಿತು. ಬಿಲ್ಲು ಕದ್ದ ವಿಷಯಕ್ಕೆ ಅವರು ಬೈಯಲಿಲ್ಲ. ಯಾರೋ ನಮ್ಮ ಮೀಟರಿನ ಮೇಲೆ ಸಬ್ಸಿಡಿ ಹೊಡೆಯಲು ಹೊರಟಿದ್ದಾರೆ ಎಂದು ಕೆಂಡವಾದರು. ಮರುದಿನ ಅಂಗಡಿ ತೆರೆಯುವ ಮೊದಲೇ ಕರೆಂಟ್ ಆಫೀಸಿಗೆ ಹೋಗಿ ಕೂಗಾಡಿದರಂತೆ. ಅಲ್ಲಿದ್ದ ಗುಮಾಸ್ತ ನಿಧಾನವಾಗಿ ಕಂಪ್ಯೂಟರ್ ನೋಡಿ, "ಅರ್ಜಿ ಮೀಟರಿನವರ ಹೆಸರಿನ್ಯಾಗ ಐತ್ರಿ. ಮೊಬೈಲ್ ನಂಬರ್ ಯಾರದು ನೋಡ್ರಿ" ಎಂದು ಕೊನೆಯ ನಾಲ್ಕು ಅಂಕಿ ಓದಿದರಂತೆ. ನನ್ನ ಗಂಡ ಕೂಗುವುದನ್ನು ನಿಲ್ಲಿಸಿ, ನಮಸ್ಕಾರ ಹೇಳಿ, ಮನೆಗೆ ಬಂದರು. ಅದು ಅವರ ಅವ್ವನ ನಂಬರು.

ಕೇಳುವ ಧೈರ್ಯ ಅವರಿಗಿರಲಿಲ್ಲ. ಊಟದ ಹೊತ್ತಿಗೆ ನಾನೇ ಬಾಯಿ ಬಿಟ್ಟೆ.

"ಅತ್ತಿ, ನಾ ಸೋಲಾರಿಗೆ ಅರ್ಜಿ ಹಾಕಾಕ ಹೋದ್ರ ಆಗಲೇ ಒಂದು ಐತಂತ, ಅದರೊಳಗ ನಿಮ್ಮ ಫೋನ್ ನಂಬರ್ ಐತಂತಲ್ರಿ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ನನ್ನ ಮೀಟರಿಗೆ ನನ್ನ ನಂಬರ್ ಇರದ ಕಲೆಕ್ಟರ್ ನಂಬರ್ ಇರತೈತೇನು? ಪೋಸ್ಟ್‌ಮನ್ ಬಂದಿದ್ದ. ಮನಿ ಮನಿಗೆ ಬಂದು ಸೋಲಾರಿಗೆ ಹೆಸರು ಬರಕೊಳ್ಳಾಕತ್ತೇವ್ರಿ ಅಂದ. ಬರಕೋ ಅಂದೆ."

"ನೀವ ಬ್ಯಾಡ ಅಂದಿದ್ರಿ!"

"ಅಂದಿದ್ದೆ. ಈಗ ಬೇಕು ಅಂತೇನಿ. ಅದಿರಲಿ, ಅರ್ಜಿ ಹಾಕಾಕ ನಿನಗ ನನ್ನ ಬಿಲ್ಲು ಹೆಂಗ ಸಿಕ್ತು?"

ನಾನು ಎಲ್ಲರಿಗೂ ಪಲ್ಯ ಬಡಿಸತೊಡಗಿದೆ. ಗಂಡ ನೀರು ತರಲು ಎದ್ದು ಹೋದವರು ಬಹಳ ಹೊತ್ತು ಬರಲಿಲ್ಲ.

ಅತ್ತೆ ಯಾಕೆ ಮನಸ್ಸು ಬದಲಿಸಿದರು ಎಂಬುದು ತಿಳಿದದ್ದು ಬ್ಯಾಂಕಿನಲ್ಲಿ. ಅವರ ವಯಸ್ಸಿಗೆ ಒಬ್ಬರ ಹೆಸರಿನಲ್ಲೇ ಸಾಲ ಕೊಡುವುದಿಲ್ಲ, ಜೊತೆಗೆ ಇನ್ನೊಬ್ಬರು ಬೇಕು ಎಂದಿದ್ದರು. ಆದ್ದರಿಂದ ಮೂವರೂ ಹೋದೆವು. ಮೈಸೂರು ಕಡೆಯ ಮ್ಯಾನೇಜರ್ ಕಾಗದಗಳ ಮೇಲೆ ಕಣ್ಣಾಡಿಸಿ ನಗುತ್ತ ಕೇಳಿದರು.

"ಅಜ್ಜಿ, ಈ ವಯಸ್ಸಲ್ಲಿ ನಿಮಗ್ಯಾಕೆ ಸಾಲ?"

"ನನ್ನ ಮಗ ಫ್ಯಾನ್ ಬಂದ್ ಮಾಡತಾನ್ರಿ" ಎಂದರು ಅತ್ತೆ.

ಮ್ಯಾನೇಜರ್ ತಲೆ ಎತ್ತಿ ನನ್ನ ಗಂಡನನ್ನು ನೋಡಿದರು. ಪಕ್ಕದ ಮೇಜಿನವರೂ ನೋಡಿದರು.

"ಮೊದಲ ನಾನೂ ಸೋಲಾರ್ ಬ್ಯಾಡ ಅಂದಿದ್ದೆ. ಆಮ್ಯಾಲ ಬ್ಯಾಸಗಿಯೊಳಗ ಸವಣೂರಿಗೆ ಮಗಳ ಮನಿಗೆ ಹೋಗಿದ್ದೆ. ಅವರ ಮಾಳಿಗಿ ಮ್ಯಾಲ ಸೋಲಾರ್ ಐತ್ರಿ. ಹದಿನೈದು ದಿನ ಫ್ಯಾನ್ ತಿರುಗೇ ತಿರುಗಿತು, ಯಾರೂ ಕೇಳಲಿಲ್ಲ. ಇಲ್ಲಿ ನಾ ಮಗ್ಗಲಾ ಬದಲಿಸಿದ್ರ ಸಾಕು, ಎದ್ದಾಳ ಅಂತ ಬಂದ್ ಮಾಡತಾನ."

"ಜೊತೆಗೆ ಯಾರು ಸಹಿ ಮಾಡ್ತಾರೆ? ಮಗನಾ?" ಮ್ಯಾನೇಜರಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಬ್ಯಾಡ್ರಿ. ಸೊಸಿ ಮಾಡ್ಲಿ. ಆಕಿಗೆ ಪಗಾರ ಐತಿ, ಧೈರ್ಯನೂ ಐತಿ. ನನ್ನ ಕಪಾಟಿಗೇ ಕೈ ಹಾಕ್ಯಾಳ."

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದರೂ ಸಹಿ ಮಾಡುವಾಗ ಒಂದು ಬಗೆಯ ಹೆಮ್ಮೆ ಆಯಿತೆನ್ನುವುದನ್ನು ಮುಚ್ಚಿಡುವುದಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆ ಹೊರಗಿನವರ ಮುಂದೆ ನನ್ನನ್ನು ಹೊಗಳಿದ್ದು ಅದೇ ಮೊದಲು.

ಪ್ಯಾನೆಲ್ ಕೂಡಿಸುವವರು ಶಿಗ್ಗಾಂವಿಯಿಂದ ಬಂದರು. ಅತ್ತೆ ಮೆಟ್ಟಿಲು ಹತ್ತಿ ಅವರಿಗಿಂತ ಮೊದಲೇ ಮೇಲೆ ನಿಂತಿದ್ದರು. ಪ್ಯಾನೆಲ್ಲಿನ ಅಡಿ ತಾವು ನೆಟ್ಟಗೆ ನಿಲ್ಲುವಷ್ಟು ಎತ್ತರ ಬೇಕು ಎಂದರು.

"ಎತ್ತರ ಮಾಡಿದ್ರ ಖರ್ಚು ಏರತೈತ್ರಿ ಅಮ್ಮಾರ. ಅದಕ್ಕ ಸಬ್ಸಿಡಿ ಬರೂದಿಲ್ಲ."

"ಅದರ ರೊಕ್ಕ ನಾ ಕೊಡ್ತೇನಿ. ಸಂಡಿಗಿಗೆ ಬಿಸಲು ಬೇಕು, ಕಾಯಾಕ ಕುಂತವರಿಗೆ ನೆಳ್ಳು ಬೇಕು. ಎರಡೂ ಆಗೂವಂಗ ಮಾಡ್ರಿ."

ಹಾಗೆಯೇ ಮಾಡಿದರು. ಹೊಸ ಮೀಟರು ಬಂತು, ತಪಾಸಣೆಯೂ ಆಯಿತು. ಸ್ವಲ್ಪ ದಿನಗಳ ನಂತರ ಸಬ್ಸಿಡಿ ಅತ್ತೆಯ ಖಾತೆಗೆ ಜಮೆಯಾಯಿತು. ಅದನ್ನು ಸಾಲಕ್ಕೆ ಕಟ್ಟಬೇಕೆಂದು ಮೊದಲೇ ಮಾತಾಗಿತ್ತು. ಆದರೆ ಅತ್ತೆ ಮೂರು ವಾರ ಅದರ ಸುದ್ದಿಯನ್ನೇ ಎತ್ತಲಿಲ್ಲ. ನಾವಿಬ್ಬರೂ ಕೇಳಲು ಅಂಜಿ, ಆ ಮೂರು ವಾರ ಬಹಳ ನಯವಾಗಿ ನಡೆದುಕೊಂಡೆವು. ನಾನು ಎರಡು ಸಲ ಹೋಳಿಗೆ ಮಾಡಿದೆ. ಗಂಡ ಹೊಸ ಚಪ್ಪಲಿ ತಂದುಕೊಟ್ಟರು. ಚಪ್ಪಲಿ ಕಾಲಿಗೆ ಸರಿಹೋದ ಮರುದಿನವೇ ಅತ್ತೆ ಅವನ್ನು ಮೆಟ್ಟಿಕೊಂಡು ಬ್ಯಾಂಕಿಗೆ ಹೋಗಿ ಅಷ್ಟೂ ಕಟ್ಟಿ ಬಂದರು. ರಸೀದಿಯನ್ನು ನನ್ನ ಕೈಗಿಟ್ಟು, "ಇನ್ನೊಂದು ಸಲ ಹೋಳಿಗಿ ಮಾಡಿದ ಮ್ಯಾಲ ಕಟ್ಟಬೇಕಂತ ಮಾಡಿದ್ದೆ. ಹೊಟ್ಟಿ ಸಾಕು ಅಂತು" ಎಂದರು.

ಈಗ ತಿಂಗಳ ಕಂತು ನನ್ನ ಪಗಾರದಿಂದ ಹೋಗುತ್ತದೆ. ಮೊದಲಿನ ಬಿಲ್ಲುಗಳ ಮುಂದೆ ಅದು ದೊಡ್ಡ ಭಾರವೇನಲ್ಲ.

ಮೊನ್ನೆ ಹಿರೇಕೆರೂರಿನಿಂದ ನಮ್ಮವ್ವ ಫೋನ್ ಮಾಡಿ ತನಗೂ ಸೋಲಾರ್ ಹಾಕಿಸಬೇಕಾಗಿದೆ ಎಂದಳು. ನಾನು ಇನ್ನೂ ಉತ್ತರ ಕೊಡುವ ಮೊದಲೇ ಅತ್ತೆ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡರು.

"ಬೀಗತ್ಯಾರ, ಮೊದಲ ನಿಮ್ಮ ಸೊಸಿಗೆ ಹೇಳಬ್ಯಾಡ್ರಿ. ಸುಮ್ಮನ ಅರ್ಜಿ ಹಾಕಿಬಿಡ್ರಿ, ಆಮ್ಯಾಲ ತಿಳೀಲಿ."

ಆ ಕಡೆಯಿಂದ ಅವ್ವ ಏನೆಂದಳೋ, ಅತ್ತೆ ಬಹಳ ಹೊತ್ತು ನಕ್ಕರು. ಅವರು ಮಾಳಿಗೆ ಹತ್ತಿ ಹೋದ ಮೇಲೆ ನಾನು ಅವ್ವನ ಜೊತೆಗೇ ಇರುವ ಅಣ್ಣನ ಹೆಂಡತಿಗೆ ಫೋನ್ ಹಚ್ಚಿದೆ.

"ವೈನಿ, ನಿಮ್ಮ ಮನಿ ಕರೆಂಟ್ ಬಿಲ್ಲು ಯಾರ ಹೆಸರಿನ್ಯಾಗ ಐತಿ?"

"ನನ್ನ ಹೆಸರಿನ್ಯಾಗ. ಯಾಕ?"

"ಹಂಗಾದ್ರ ಇವತ್ತ ಅರ್ಜಿ ಹಾಕ್ರಿ" ಎಂದೆ.